ಒಂಬತ್ತು ಅಡಿಯ ಇಳಿಜಾರು

ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ಶಿವರಾತ್ರಿಯ ಜಾತ್ರೆಗೆ ಹೋದವರಾಗಲಿ, ಮಾಲೂರಿನ ಚಿಕ್ಕತಿರುಪತಿಯ ಬ್ರಹ್ಮರಥೋತ್ಸವಕ್ಕೆ ಹೋದವರಾಗಲಿ, ದೇವರ ದರ್ಶನ ಮುಗಿಸಿ ಬೆಂಡು ಬತ್ತಾಸಿನ ಅಂಗಡಿಗಳನ್ನು ದಾಟುವಷ್ಟರಲ್ಲಿ ಮಕ್ಕಳು ಕೈ ಜಗ್ಗಿ ನಿಲ್ಲಿಸುವ ಸ್ಥಳವೊಂದಿದೆ. ಅದು ರಂಕಲರಾಟೆಯ ಸ್ಥಳ. ತೊಟ್ಟಿಲು ಮೇಲೇರುವಾಗ ಕೇಕೆ ಹಾಕುವ ಮಗು ಇಳಿಯುವಾಗ ತಾಯಿಯ ಸೆರಗನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕೆಳಗಿಳಿದೊಡನೆ ‘ಇನ್ನೊಂದು ಸಲ’ ಎನ್ನುತ್ತದೆ. ಭಯಕ್ಕೆ ಹಣ ಕೊಟ್ಟು, ಆ ಭಯವನ್ನೇ ಮತ್ತೆ ಬೇಡುವ ಈ ವಿಚಿತ್ರ ಸ್ವಭಾವ ಮನುಷ್ಯನಿಗೆ ಎಂದಿನಿಂದ ಬಂತೋ!

ಈಗ ಕೋಲಾರದ ಕಡೆಯ ಶಾಲೆಗಳ ಮಕ್ಕಳು ಪ್ರವಾಸವೆಂದು ಬಿಡದಿಯ ಬಳಿಯ ವಂಡರ್‌ಲಾಕ್ಕೆ ಹೋಗಿ, ಉಕ್ಕಿನ ಹಳಿಗಳ ಮೇಲೆ ತಲೆಕೆಳಗಾಗಿ ಸುತ್ತಿ ಬರುತ್ತಾರೆ. ಇದಕ್ಕೆ ರೋಲರ್ ಕೋಸ್ಟರ್ ಎಂದು ಹೆಸರು. ಈ ಉಕ್ಕಿನ ಸರ್ಪಕ್ಕೆ ಮರದ ಅಜ್ಜಿಯೊಬ್ಬಳಿದ್ದಾಳೆ. 1902ರಲ್ಲಿ ಹುಟ್ಟಿದ ಈಕೆಯ ಊರು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಆಲ್ಟೂನ. ಹೆಸರು ‘ಲೀಪ್ ದಿ ಡಿಪ್ಸ್’, ಎಂದರೆ ತಗ್ಗುಗಳನ್ನು ಕುಪ್ಪಳಿಸುವವಳು. ಜಗತ್ತಿನಲ್ಲಿ ಉಳಿದುಬಂದಿರುವ ರೋಲರ್ ಕೋಸ್ಟರುಗಳಲ್ಲಿ ಇದಕ್ಕಿಂತ ಹಳೆಯದು ಇಲ್ಲವೆಂದು ಬಲ್ಲವರ ಎಣಿಕೆ. ಇದರ ಅತಿ ದೊಡ್ಡ ಇಳಿಜಾರಿನ ಎತ್ತರ ಕೇವಲ 9 ಅಡಿ. ಒಂಬತ್ತೇ ಅಡಿ! ನಮ್ಮ ಮನೆಗಳ ಮಾಳಿಗೆಯೂ ಅದಕ್ಕಿಂತ ಎತ್ತರವಿರುತ್ತದೆ. ಇಷ್ಟು ಸಣ್ಣ ಬೀಳಿಗಾಗಿ ಜನ ಏಕೆ ಹೋರಾಡಿದರು ಎಂಬುದೇ ಸ್ವಾರಸ್ಯದ ಸಂಗತಿ.

ಹೇಸರಗತ್ತೆಗಳ ಸವಾರಿ

ಕಥೆ ಆರಂಭವಾಗುವುದು ಹಿಮದ ನಾಡಿನಲ್ಲಿ. ರಷ್ಯದ ಸೇಂಟ್ ಪೀಟರ್ಸ್‌ಬರ್ಗ್ ನಗರದ ಸುತ್ತಮುತ್ತ, ಚಳಿಗಾಲದಲ್ಲಿ ಮರದ ಎತ್ತರವಾದ ಅಟ್ಟಗಳನ್ನು ಕಟ್ಟಿ, ಅವುಗಳ ಇಳಿಜಾರಿಗೆ ನೀರು ಸುರಿದು ಮಂಜುಗಡ್ಡೆಯಾಗಿಸಿ, ಅದರ ಮೇಲೆ ಜಾರುವುದು ಶ್ರೀಮಂತರಿಗೂ ಸಾಮಾನ್ಯರಿಗೂ ವಿನೋದವಾಗಿತ್ತು. ಮಹಾರಾಣಿ ಕ್ಯಾಥರೀನಳ ಕಾಲದಲ್ಲಿ ಬೇಸಿಗೆಯಲ್ಲೂ ಜಾರಲೆಂದು ಬಂಡಿಗಳಿಗೆ ಗಾಲಿ ಹಾಕಿದರು. 1817ರಲ್ಲಿ ಈ ಆಟ ಪ್ಯಾರಿಸಿಗೆ ಬಂದು ‘ರಷ್ಯದ ಬೆಟ್ಟಗಳು’ ಎಂಬ ಹೆಸರು ಪಡೆಯಿತು. ಫ್ರೆಂಚರು ಇಂದಿಗೂ ರೋಲರ್ ಕೋಸ್ಟರನ್ನು ಹಾಗೆಯೇ ಕರೆಯುತ್ತಾರೆ. ತಮಾಷೆಯೆಂದರೆ, ರಷ್ಯದವರು ಅದನ್ನು ‘ಅಮೆರಿಕದ ಬೆಟ್ಟಗಳು’ ಎನ್ನುತ್ತಾರೆ! ಹೆತ್ತವರೇ ಕೂಸನ್ನು ಪಕ್ಕದ ಮನೆಯದೆಂದು ಹೇಳಿದಂತಾಯಿತು.

ಆದರೆ ಹಾಗೆ ಹೇಳುವುದರಲ್ಲಿ ಅರ್ಥವಿಲ್ಲದಿಲ್ಲ. ಹಳಿಯ ಮೇಲೆ ಬಂಡಿಯನ್ನು ತನ್ನಷ್ಟಕ್ಕೆ ಬಿಟ್ಟು ಮೈಲಿಗಟ್ಟಲೆ ಓಡಿಸುವ ವಿದ್ಯೆಯನ್ನು ಅಮೆರಿಕದವರು ಕಲಿತದ್ದು ರಾಜರ ಉದ್ಯಾನದಲ್ಲಲ್ಲ, ಗಣಿಯ ಬಾಗಿಲಿನಲ್ಲಿ. ಕೋಲಾರದ ನೆಲದವರಿಗೆ ಈ ಮಾತು ಹತ್ತಿರದ್ದು. 1827ರಲ್ಲಿ ಪೆನ್ಸಿಲ್ವೇನಿಯದ ಮಾಕ್ ಚಂಕ್ ಎಂಬ ಊರಿಗೆ, ಬೆಟ್ಟದ ಮೇಲಿನ ಕಲ್ಲಿದ್ದಲ ಗಣಿಯಿಂದ ನದಿಯ ದಂಡೆಯವರೆಗೆ, ಸುಮಾರು 9 ಮೈಲಿ ಉದ್ದದ ಹಳಿ ಹಾಕಿದರು. ತುಂಬಿದ ಬಂಡಿಗಳನ್ನು ಎಳೆಯಲು ಎಂಜಿನ್ನೂ ಬೇಡ, ಪ್ರಾಣಿಯೂ ಬೇಡ. ಶ್ರೀನಿವಾಸಪುರದ ತೋಪಿನಿಂದ ಮಾವಿನಕಾಯಿ ಹೇರಿಕೊಂಡ ಎತ್ತಿನ ಗಾಡಿ ಇಳಿಜಾರಿಗೆ ಬಂದಾಗ ಎತ್ತು ಗಾಡಿಯನ್ನು ಎಳೆಯುವುದಿಲ್ಲ, ಗಾಡಿಯೇ ಎತ್ತನ್ನು ತಳ್ಳುತ್ತದೆ, ಅದೇ ಸೂತ್ರ. ಹೊರೆಯ ಭಾರವೇ ಎಂಜಿನ್. ವೇಗ ಮಿತಿಮೀರದಂತೆ ಹಿಡಿದುಕೊಳ್ಳಲು ಬ್ರೇಕಿನವನೊಬ್ಬನಿದ್ದರೆ ಸಾಕು.

ಬರಿದಾದ ಬಂಡಿಗಳನ್ನು ಮತ್ತೆ ಮೇಲಕ್ಕೆ ಎಳೆಯುವ ಕಷ್ಟ ಮಾತ್ರ ಹೇಸರಗತ್ತೆಗಳ ಪಾಲಾಗಿತ್ತು. ಇಳಿಯುವಾಗ ಅವುಗಳಿಗೂ ಒಂದು ಬಂಡಿ ಮೀಸಲು; ಹುಲ್ಲು ಮೆಲ್ಲುತ್ತ, ಗಾಳಿಗೆ ಮುಖವೊಡ್ಡಿ, ಯಜಮಾನರಂತೆ ಕೆಳಗೆ ಬರುತ್ತಿದ್ದವು. ಹೀಗೆ ಸವಾರಿಯ ರುಚಿ ಹತ್ತಿದ ಮೇಲೆ ಅವು ಇಳಿಜಾರನ್ನು ನಡೆದು ಇಳಿಯಲು ಒಪ್ಪದೆ ಹಟ ಹಿಡಿದವಂತೆ. ರೋಲರ್ ಕೋಸ್ಟರಿನ ಮೊದಲ ಅಭಿಮಾನಿಗಳು ಹೇಸರಗತ್ತೆಗಳೆಂದರೆ ಇಂದಿನ ಅಭಿಮಾನಿಗಳು ಮುನಿಯಬಾರದು.

1840ರ ದಶಕದಲ್ಲಿ ಬೆಟ್ಟದ ತುದಿಯಲ್ಲಿ ಉಗಿಯಂತ್ರವನ್ನು ಸ್ಥಾಪಿಸಿ ಬಂಡಿಗಳನ್ನು ಎತ್ತತೊಡಗಿದರು. ಏರುವ ಬಂಡಿ ಹಿಂದಕ್ಕೆ ಜಾರದಿರಲೆಂದು ಹಳಿಯ ನಡುವೆ ಹಲ್ಲುಪಟ್ಟಿಯೊಂದನ್ನು ಹೂಡಿ, ಅದಕ್ಕೆ ಕಚ್ಚಿಕೊಳ್ಳುವ ಕೊಕ್ಕೆಯನ್ನು ಅಳವಡಿಸಿದರು. ರೋಲರ್ ಕೋಸ್ಟರಿನ ಬಂಡಿ ಮೊದಲ ಏರನ್ನು ಹತ್ತುವಾಗ ‘ಟಕ ಟಕ ಟಕ’ ಎಂದು ಕೇಳುವ, ಎದೆಯನ್ನು ನಡುಗಿಸುವ ಸದ್ದು ಇಂಥ ಕೊಕ್ಕೆಯದೇ. ಭಯ ಹುಟ್ಟಿಸುವ ಆ ಸದ್ದು ವಾಸ್ತವವಾಗಿ ಅಭಯದ ಸದ್ದು ಎಂಬುದು ಬಂಡಿಯಲ್ಲಿ ಕುಳಿತವರಿಗೆ ನೆನಪಾಗುವುದಿಲ್ಲ. ಕಲ್ಲಿದ್ದಲು ಬೇರೆ ದಾರಿ ಹಿಡಿದ ಮೇಲೆಯೂ ಮಾಕ್ ಚಂಕಿನ ಹಳಿ ನಿಲ್ಲಲಿಲ್ಲ. ಟಿಕೆಟು ಕೊಂಡು ಇಳಿಯಲು ಜನ ದೂರದೂರದಿಂದ ಬಂದರು. 1933ರವರೆಗೂ ಅದು ಓಡಿತು. ಬಳಿಕ ಹಳೆಯ ಕಬ್ಬಿಣದ ಬೆಲೆಗೆ ಮಾರಾಟವಾಯಿತು.

ಕಾಲುಚೀಲದ ವ್ಯಾಪಾರಿ

ಗಣಿಯ ಹಳಿಯನ್ನು ಊರಿನೊಳಗಿನ ವಿನೋದವಾಗಿ ಮಾಡಿ ಗೆದ್ದವನು ಲಾಮಾರ್ಕಸ್ ಥಾಂಪ್ಸನ್. ಕಾಲುಚೀಲಗಳನ್ನು ನೇಯಿಸಿ ಮಾರುತ್ತಿದ್ದ ಈತ ಧರ್ಮಭೀರು. ಹೆಂಡದಂಗಡಿಗಳಿಗೆ ಮುಗಿಬೀಳುವ ತರುಣರಿಗೆ ನಿರ್ಮಲವಾದ ಬೇರೊಂದು ಸಂತೋಷವನ್ನು ಒದಗಿಸಬೇಕೆಂಬ ಹಂಬಲವಿತ್ತೆಂದು ಹೇಳುತ್ತಾರೆ. ನ್ಯೂಯಾರ್ಕಿನ ಕೋನಿ ಐಲೆಂಡ್ ಎಂಬ ಕಡಲ ತೀರದಲ್ಲಿ 1884ರ ಜೂನ್ ತಿಂಗಳಲ್ಲಿ ಆತ 600 ಅಡಿ ಉದ್ದದ ಮರದ ಹಳಿಯನ್ನು ತೆರೆದ. ಗಂಟೆಗೆ ಸುಮಾರು 6 ಮೈಲಿ ವೇಗ. ದರ 5 ಸೆಂಟು. ಹಳಿಯ ಕೊನೆಗೆ ಬಂದೊಡನೆ ಪ್ರಯಾಣಿಕರು ಇಳಿಯಬೇಕು, ಸಿಬ್ಬಂದಿ ಬಂಡಿಯನ್ನು ಇನ್ನೊಂದು ಅಟ್ಟಕ್ಕೆ ತಳ್ಳಿ ಏರಿಸಬೇಕು, ಪ್ರಯಾಣಿಕರು ಮತ್ತೆ ಹತ್ತಿ ಹಿಂದಿರುಗಬೇಕು. ಇಷ್ಟೆಲ್ಲ ಉಪದ್ವ್ಯಾಪವಿದ್ದರೂ ಜನ ಸಾಲುಗಟ್ಟಿ ನಿಂತರು. ಹಾಕಿದ ಬಂಡವಾಳ ಕೆಲವೇ ವಾರಗಳಲ್ಲಿ ಹಿಂತಿರುಗಿತು. ಒಂದೆರಡು ವರ್ಷಗಳಲ್ಲೇ ಬೇರೆಯವರು ಹಳಿಯನ್ನು ಸುತ್ತಾಗಿ ಬಾಗಿಸಿ, ಸರಪಳಿಯಿಂದ ಬಂಡಿಯನ್ನು ಎತ್ತುವುದನ್ನು ಕಂಡುಹಿಡಿದರು. ಹೆಂಡದಂಗಡಿಗಳು ಮುಚ್ಚಿದವೆಂದು ಮಾತ್ರ ಯಾರೂ ಬರೆದಿಲ್ಲ.

ಇಷ್ಟರಲ್ಲಿ ಅಮೆರಿಕದ ಊರೂರಿಗೂ ವಿದ್ಯುತ್ ಟ್ರಾಮು ಬಂದಿತ್ತು. ವಾರದ ದಿನಗಳಲ್ಲಿ ತುಂಬಿ ಓಡುವ ಟ್ರಾಮು ಭಾನುವಾರ ಬರಿದು. ಇದಕ್ಕೆ ಟ್ರಾಮು ಕಂಪೆನಿಗಳು ಒಂದು ಉಪಾಯ ಹೂಡಿದವು: ಹಳಿಯ ಕೊನೆಗೆ ಒಂದು ಕೆರೆ, ನಾಲ್ಕು ಮರ, ಒಂದು ವಾದ್ಯಮಂಟಪ, ಮಕ್ಕಳಿಗೆ ಆಟದ ಯಂತ್ರಗಳು. ಉದ್ಯಾನ ನೋಡಬೇಕಾದರೆ ಟ್ರಾಮು ಹತ್ತಲೇಬೇಕು! ಪೆನ್ಸಿಲ್ವೇನಿಯ ರೈಲ್ವೆಯ ಬೃಹತ್ ಕಾರ್ಖಾನೆಗಳ ಊರಾದ ಆಲ್ಟೂನದಲ್ಲಿ 1894ರಲ್ಲಿ ಹೀಗೆ ಹುಟ್ಟಿದ್ದು ಲೇಕ್‌ಮಾಂಟ್ ಉದ್ಯಾನ. ಆರು ದಿನ ರೈಲು ಎಂಜಿನ್ನುಗಳ ಮಸಿಯಲ್ಲಿ ದುಡಿದು ಬಂದವರು ಏಳನೆಯ ದಿನ ಮನೆಮಂದಿಯೊಡನೆ ಬಂದು ಕೂರುವ ತಾಣ ಅದು.

ಅಲ್ಲಿ ಎಡ್ವರ್ಡ್ ಜಾಯ್ ಮಾರಿಸ್ ಎಂಬಾತನ ಕಂಪೆನಿ 1902ರಲ್ಲಿ ‘ಲೀಪ್ ದಿ ಡಿಪ್ಸ್’ ಕಟ್ಟಿತು. ಆ ವರ್ಷವನ್ನು ಕೋಲಾರ ಜಿಲ್ಲೆ ಬೇರೊಂದು ಕಾರಣಕ್ಕಾಗಿ ನೆನೆಯುತ್ತದೆ. 1902ರ ಜೂನ್ 30ರಂದು ಶಿವನಸಮುದ್ರದ ಕಾವೇರಿಯ ವಿದ್ಯುತ್ತು 92 ಮೈಲಿ ದೂರದ ತಂತಿಯ ಮೂಲಕ ಕೋಲಾರ ಚಿನ್ನದ ಗಣಿಗಳನ್ನು ತಲುಪಿತು. ಅದಕ್ಕೆ ಯಂತ್ರಗಳನ್ನು ಕಳಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿ. ಒಂದೇ ವರ್ಷ, ಒಂದು ಕಡೆ ವಿದ್ಯುತ್ತು ಚಿನ್ನಕ್ಕಾಗಿ ದುಡಿಯತೊಡಗಿದರೆ, ಇನ್ನೊಂದು ಕಡೆ ವಿದ್ಯುತ್ ಟ್ರಾಮು ಕಾರ್ಮಿಕರ ಮಕ್ಕಳನ್ನು 9 ಅಡಿಯ ಇಳಿಜಾರಿಗೆ ಹೊತ್ತು ತರುತ್ತಿತ್ತು.

ಮರ ಮಾತನಾಡುವ ಬಗೆ

ಈ ಬಂಡಿಯ ರಚನೆ ಸರಳ. ಒಟ್ಟು ಎತ್ತರ 41 ಅಡಿ; ಹಳಿಯ ಉದ್ದ 1,452 ಅಡಿ; ಇಂಗ್ಲಿಷಿನ ಎಂಟರ ಅಂಕಿಯಂತೆ ಅದು ತನ್ನನ್ನೇ ಹೆಣೆದುಕೊಂಡು ಸುತ್ತುತ್ತದೆ. ಒಂದು ಬಂಡಿಯಲ್ಲಿ ನಾಲ್ವರು. ಸರಪಳಿ ಬಂಡಿಯನ್ನು ಮೇಲಕ್ಕೆ ಒಯ್ದು ಕೈಬಿಟ್ಟ ಮೇಲೆ ಉಳಿದದ್ದೆಲ್ಲ ಭೂಮಿಯ ಸೆಳೆತದ ಕೆಲಸ. ಸರಾಸರಿ ವೇಗ ಗಂಟೆಗೆ 10 ಮೈಲಿ, ಅತಿ ಹೆಚ್ಚೆಂದರೆ 18 ಮೈಲಿ. ಸೈಕಲ್ಲು ತುಳಿಯುವ ಹುಡುಗನೊಬ್ಬ ಇಳಿಜಾರಿನಲ್ಲಿ ಇದನ್ನು ಹಿಂದೆ ಹಾಕಬಲ್ಲ.

ಹಾಗಿದ್ದೂ ಇಳಿಜಾರು 9 ಅಡಿಗೇ ನಿಂತದ್ದೇಕೆ? ಕಟ್ಟಿದವರಿಗೆ ಧೈರ್ಯ ಸಾಲದೆ ಅಲ್ಲ. ಆ ಕಾಲದ ಬಂಡಿಗಳು ಹಳಿಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದವು. ಹಳಿಯ ಕೆಳಗಿನಿಂದ ಹಿಡಿದುಕೊಳ್ಳುವ ಗಾಲಿ ಇರಲಿಲ್ಲ. ಎರಡು ಪಕ್ಕಗಳಲ್ಲಿ ಹಲಗೆಯ ತಡೆ, ಅದಕ್ಕೆ ಉಜ್ಜಿಕೊಂಡು ಉರುಳುವ ಪಕ್ಕದ ಗಾಲಿಗಳು, ಇಷ್ಟೇ ರಕ್ಷಣೆ. ಇಳಿಜಾರು ಕಡಿದಾದರೆ, ಏರಿನ ನೆತ್ತಿಯಲ್ಲಿ ಬಂಡಿ ಹಳಿಯನ್ನು ಬಿಟ್ಟು ಹಾರಿಯೇ ಹೋಗುವ ಅಪಾಯ. ‘ಲೀಪ್ ದಿ ಡಿಪ್ಸ್’ ಎಂಬ ಹೆಸರೇ ಹೇಳುವಂತೆ, ಇಲ್ಲಿಯೂ ಬಂಡಿ ತಗ್ಗುಗಳ ಮೇಲೆ ಕಿಂಚಿತ್ ಕುಪ್ಪಳಿಸುತ್ತದೆ. ಆ ಕ್ಷಣದಲ್ಲಿ ಹೊಟ್ಟೆಯೊಳಗಿನದೆಲ್ಲ ಮೇಲೆ ತೇಲಿದಂತಾಗುತ್ತದೆಯಲ್ಲ, ಅದಕ್ಕಾಗಿಯೇ ಜನ ದುಡ್ಡು ತೆರುವುದು. 1919ರಲ್ಲಿ ಜಾನ್ ಮಿಲ್ಲರ್ ಎಂಬ ಅಮೆರಿಕದ ವಿನ್ಯಾಸಕಾರ ಹಳಿಯ ಕೆಳಗಿನಿಂದ ಬಂಡಿಯನ್ನು ಹಿಡಿದಿಡುವ ಗಾಲಿಗೆ ಹಕ್ಕುಪತ್ರ ಪಡೆದ. ಅಲ್ಲಿಂದ ಮುಂದೆ ಇಳಿಜಾರುಗಳು ಪ್ರಪಾತಗಳಾದವು. 1927ರಲ್ಲಿ ಕೋನಿ ಐಲೆಂಡಿನಲ್ಲಿ ತೆರೆದ ‘ಸೈಕ್ಲೋನ್’ ಆ ಸಂತತಿಯ ಪ್ರಸಿದ್ಧ ಕುಡಿ. ಒಂಬತ್ತು ಅಡಿಯವಳು ಹಳೆಯ ಕಾಲದವಳಾಗಿ ಮೂಲೆಗೆ ಸರಿದಳು.

ಮರದ ರೋಲರ್ ಕೋಸ್ಟರಿಗೆ ಮತ್ತೊಂದು ಗುಣವಿದೆ. ಹಲಗೆಗಳನ್ನು ಒಂದರ ಮೇಲೊಂದು ಪದರ ಪದರವಾಗಿ ಜೋಡಿಸಿ, ಗಾಲಿ ಉರುಳುವ ಜಾಗಕ್ಕೆ ಮಾತ್ರ ತೆಳುವಾದ ಉಕ್ಕಿನ ಪಟ್ಟಿ ಹೊಡೆದಿರುತ್ತಾರೆ. ಉಳಿದುದೆಲ್ಲ ಮರ, ಮೊಳೆ, ಬೋಲ್ಟು. ಬಂಡಿ ಬಂದಾಗ ಇಡೀ ಕಟ್ಟಡ ಒಂದಿಷ್ಟು ಬಾಗುತ್ತದೆ, ಕಿರ್ರೆನ್ನುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಬಾಗದ ಮರವೇ ಅಪಾಯದ ಮರ. ಮಳೆ ಬಿದ್ದರೆ ಹಲಗೆ ಉಬ್ಬುತ್ತದೆ. ಬಿಸಿಲಿಗೆ ಒಣಗಿ ಬೋಲ್ಟು ಸಡಿಲವಾಗುತ್ತದೆ. ಮುಂಜಾನೆ ಗಾಲಿಯ ಜಿಡ್ಡು ಗಟ್ಟಿಯಾಗಿದ್ದು ಬಂಡಿ ಸೋಮಾರಿಯಂತೆ ಸಾಗಿದರೆ, ಸಂಜೆಯ ಹೊತ್ತಿಗೆ ಅದೇ ಬಂಡಿ ಅದೇ ಹಳಿಯ ಮೇಲೆ ಹುರುಪಿನಿಂದ ಓಡುತ್ತದೆ. ಆದ್ದರಿಂದ ಇಂಥ ಯಂತ್ರವನ್ನು ಒಮ್ಮೆ ಕಟ್ಟಿ ಮರೆತುಬಿಡುವಂತಿಲ್ಲ. ಜನ ಬರುವ ಮುನ್ನ ಬಡಗಿಗಳು ಕೈಯಲ್ಲಿ ಸುತ್ತಿಗೆ, ಸ್ಪ್ಯಾನರು ಹಿಡಿದು ಹಳಿಯುದ್ದಕ್ಕೂ ನಡೆಯುತ್ತಾರೆ. ಬಿರುಕು ಬಿಟ್ಟ ಹಲಗೆಯನ್ನು ಬದಲಿಸುತ್ತಾರೆ, ಸಡಿಲವಾದುದನ್ನು ಬಿಗಿಯುತ್ತಾರೆ. ಸವಾರಿ ಮಾಡುವವರಿಗೆ ಈ ನಡಿಗೆ ಕಾಣುವುದಿಲ್ಲ. ತೇರಿನ ದಿನ ಹಗ್ಗ ಹಿಡಿದವರ ಕಣ್ಣಿಗೆ ಅಲಂಕಾರವೇ ಕಾಣುವುದಲ್ಲದೆ, ಅದಕ್ಕೆ ಮುನ್ನ ಅಚ್ಚು, ಗಾಲಿಗಳನ್ನು ತಟ್ಟಿ ನೋಡಿದ ಆಚಾರಿ ಕಾಣುವುದಿಲ್ಲವಷ್ಟೆ.

ನಿಂತ ಬಂಡಿ

1920ರ ದಶಕದಲ್ಲಿ ಅಮೆರಿಕದಲ್ಲಿ ಸಾವಿರಕ್ಕೂ ಮಿಕ್ಕಿ ಮರದ ರೋಲರ್ ಕೋಸ್ಟರುಗಳಿದ್ದವು. 1929ರ ಬಳಿಕದ ಆರ್ಥಿಕ ಕುಸಿತ, ಅನಂತರದ ಮಹಾಯುದ್ಧ, ಟ್ರಾಮಿನ ಜಾಗಕ್ಕೆ ಬಂದ ಮೋಟಾರು ಕಾರು, ಇವು ಒಂದೊಂದಾಗಿ ಅವನ್ನು ನುಂಗಿದವು. ಮರದ ಕಟ್ಟಡಕ್ಕೆ ಬೆಂಕಿಯ ಭಯ ಸರಿಯೇ ಸರಿ. ಇಷ್ಟರ ನಡುವೆಯೂ ಆಲ್ಟೂನದ ಮುದುಕಿ ಉಳಿದದ್ದು ಆಶ್ಚರ್ಯ. ದುರಸ್ತಿಯ ಭಾರ ತಾಳದೆ ಕೊನೆಗೆ 1985ರಲ್ಲಿ ಬಂಡಿ ನಿಂತಿತು. ನಿಂತ ಯಂತ್ರದ ಮರ ಓಡುವ ಯಂತ್ರದ ಮರಕ್ಕಿಂತ ಬೇಗ ಕೊಳೆಯುತ್ತದೆ. ಏಕೆಂದರೆ ಮುಂಜಾನೆ ಅದರ ಮೇಲೆ ನಡೆಯುವವರು ಇರುವುದಿಲ್ಲ.

ಅದನ್ನು ಕೆಡವಿ ಸೌದೆ ಮಾಡುವುದು ಸುಲಭವಿತ್ತು. ಆದರೆ ಅದಕ್ಕಿಂತ ಹಿರಿಯದು ಬೇರೆಲ್ಲೂ ಉಳಿದಿಲ್ಲವೆಂಬ ಅರಿವು ಹರಡಿದಂತೆ, ಊರಿನವರೂ ಹಳೆಯ ರೋಲರ್ ಕೋಸ್ಟರುಗಳ ಅಭಿಮಾನಿಗಳೂ ಎಚ್ಚೆತ್ತರು. ಸಂರಕ್ಷಣೆಗಾಗಿ ಪ್ರತಿಷ್ಠಾನವೊಂದು ಹುಟ್ಟಿತು. ಹಣ ಸಂಗ್ರಹವಾಯಿತು. 1996ರಲ್ಲಿ ಅಮೆರಿಕದ ಸರ್ಕಾರ ಅದನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಸಾರಿತು. ಯುದ್ಧಭೂಮಿಗಳೂ ಅಧ್ಯಕ್ಷರ ಮನೆಗಳೂ ಇರುವ ಪಟ್ಟಿಯಲ್ಲಿ ಮಕ್ಕಳು ಕೇಕೆ ಹಾಕುವ ಬಂಡಿಗೂ ಒಂದು ಸ್ಥಾನ! ಹದಿನಾಲ್ಕು ವರ್ಷ ನಿಂತಿದ್ದ ಬಂಡಿ 1999ರ ಬೇಸಿಗೆಯಲ್ಲಿ ಮತ್ತೆ ‘ಟಕ ಟಕ’ ಎಂದು ಏರನ್ನು ಹತ್ತಿತು. ಅಲ್ಲಿಗೆ ಎಲ್ಲವೂ ಸುಖಾಂತವಾಯಿತೆಂದಲ್ಲ. 2017 ಮತ್ತು 2018ರಲ್ಲಿ ಉದ್ಯಾನವೇ ಮುಚ್ಚಿತ್ತು. 2019ರಲ್ಲಿ ಮತ್ತೆ ತೆರೆಯಿತು. ಇಂಥ ಯಂತ್ರದ ಆಯಸ್ಸನ್ನು ವರ್ಷ ವರ್ಷವೂ ಹೊಸದಾಗಿ ಗಳಿಸಬೇಕಾಗುತ್ತದೆ.

ಇಲ್ಲೊಂದು ತರ್ಕ ಏಳುತ್ತದೆ. ಕೊಳೆತ ಹಲಗೆ ತೆಗೆದು ಹೊಸದು ಹೊಡೆದರೆ, ಅದು 1902ರ ಬಂಡಿ ಎನ್ನುವುದು ಹೇಗೆ? ಪಾಶ್ಚಾತ್ಯ ಪಂಡಿತರು ಇದರ ಮೇಲೆ ಬಹಳ ಚರ್ಚಿಸಿದ್ದಾರೆ. ನಮ್ಮ ಜಾತ್ರೆಯ ಭಕ್ತರಿಗೆ ಈ ಸಂಶಯವೇ ಬರುವುದಿಲ್ಲ. ತೇರಿನ ಗಾಲಿ ಬದಲಾಗಿದೆ, ಅಚ್ಚು ಬದಲಾಗಿದೆ, ಮೇಲಿನ ಕಟ್ಟು ಪ್ರತಿವರ್ಷ ಹೊಸದು. ಆದರೂ ಅದು ಅಜ್ಜ ಎಳೆದ ತೇರೇ. ಅಳತೆ ಅದೇ, ದಾರಿ ಅದೇ, ಎಳೆಯುವ ಕ್ರಮ ಅದೇ. ಈ ವಿಚಾರದಲ್ಲಿ ಪಂಡಿತರಿಗಿಂತ ಭಕ್ತರ ತೀರ್ಮಾನವೇ ಸಮಂಜಸವೆನಿಸುತ್ತದೆ.

ಇಂಗ್ಲೆಂಡಿನ ಮಾರ್ಗೇಟ್ ಎಂಬ ಕಡಲೂರಿನವರೂ ಹಾಗೆಯೇ ಬಗೆದರು. ಅಲ್ಲಿಯ ‘ಡ್ರೀಮ್‌ಲ್ಯಾಂಡ್’ ಉದ್ಯಾನದಲ್ಲಿ 1920ರಲ್ಲಿ ತೆರೆದ ಮರದ ‘ಸೀನಿಕ್ ರೈಲ್ವೆ’ ರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿತ್ತು. ಉದ್ಯಾನ ಮುಚ್ಚಿ, ಜಾಗದ ಮೇಲೆ ಕಟ್ಟಡ ಕಟ್ಟುವವರ ಕಣ್ಣು ಬಿದ್ದಿದ್ದ ಕಾಲದಲ್ಲಿ, 2008ರ ಏಪ್ರಿಲಿನಲ್ಲಿ ದುಷ್ಕರ್ಮಿಗಳು ಇಟ್ಟ ಬೆಂಕಿ ಅದರ ಸುಮಾರು ಕಾಲುಭಾಗವನ್ನು ಸುಟ್ಟಿತು. ಇನ್ನು ಮುಗಿಯಿತೆಂದರು. ಊರಿನವರು ಬಿಡಲಿಲ್ಲ, ಸ್ಥಳೀಯ ಆಡಳಿತವೇ ಜಾಗವನ್ನು ವಶಕ್ಕೆ ತೆಗೆದುಕೊಂಡಿತು, ಸುಟ್ಟ ಮರದ ಜಾಗದಲ್ಲಿ ಹೊಸ ಮರ ನಿಂತು 2015ರಲ್ಲಿ ಬಂಡಿ ಓಡಿತು.

ಆಲ್ಟೂನದ ಬಂಡಿ ಮರಳಿ ಓಡಿದ ಎರಡನೆಯ ವರ್ಷಕ್ಕೆ, 2001ರ ಫೆಬ್ರವರಿ 28ರಂದು, ಅದರ ವಾರಿಗೆಯ ವಿದ್ಯುತ್ತನ್ನು ಉಂಡು ಬೆಳೆದ ಕೋಲಾರ ಚಿನ್ನದ ಗಣಿ ಮುಚ್ಚಿತು. ಚಾಂಪಿಯನ್ ರೀಫಿನ ಬಾವಿಗಳಲ್ಲಿ 10,000 ಅಡಿಗೂ ಆಳಕ್ಕೆ ಕೇಜಿನಲ್ಲಿ ಇಳಿಯುತ್ತಿದ್ದವರು ಆಟಕ್ಕಾಗಿ ಇಳಿದವರಲ್ಲ. ಅವರ ಇಳಿಜಾರಿಗೆ ಟಿಕೆಟು ಇರಲಿಲ್ಲ, ಕೂಲಿ ಇತ್ತು. ಆಟದ ಬಂಡಿಯನ್ನೂ ಅನ್ನದ ಗಣಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ರೈಲಿನಲ್ಲಿ ಹೋಗುವವರು ಕಿಟಕಿಯಾಚೆ ಸೈನೈಡ್ ದಿಬ್ಬಗಳನ್ನು ಕಂಡಾಗ, ಒಂಬತ್ತು ಅಡಿಯ ಇಳಿಜಾರಿಗೆ ಒಂದು ಊರು ಮಾಡಿದ ಆರೈಕೆಯನ್ನು ನೆನೆದರೆ ತಪ್ಪಾಗಲಾರದು.

ಒಮ್ಮೆಯೂ ದೀರ್ಘವಾಗಿ ನಿಲ್ಲದೆ ಓಡಿಕೊಂಡು ಬಂದಿರುವ ಹಿರಿಮೆ ಮಾತ್ರ ಆಸ್ಟ್ರೇಲಿಯದ ಬಂಡಿಯದು. ಮೆಲ್ಬರ್ನಿನ ಸೇಂಟ್ ಕಿಲ್ಡ ಕಡಲ ತೀರದ ಲೂನಾ ಪಾರ್ಕಿನಲ್ಲಿ 1912ರ ಡಿಸೆಂಬರ್ 13ರಂದು ಹೊರಟ ಅದು ಇಡೀ ಉದ್ಯಾನವನ್ನು ಸುತ್ತುವರಿದಿದೆ. ಮೇಲಕ್ಕೇರಿದಾಗ ಒಂದು ಕಡೆ ಕೊಲ್ಲಿಯ ನೀಲಿ ನೀರು, ಇನ್ನೊಂದು ಕಡೆ ನಗರ. ಮಾಕ್ ಚಂಕಿನ ಕಲ್ಲಿದ್ದಲ ಬಂಡಿಗೆ ಇದ್ದಂತೆ ಇದಕ್ಕೂ ಬ್ರೇಕಿನವನೊಬ್ಬ ಬೇಕು. ಪ್ರಯಾಣಿಕರೆಲ್ಲ ಕುಳಿತಿರುವಾಗ ಆತನೊಬ್ಬ ಬಂಡಿಗಳ ನಡುವೆ ನಿಂತೇ ಇರುತ್ತಾನೆ. ಎಲ್ಲಿ ಬಿಡಬೇಕು, ಎಲ್ಲಿ ಹಿಡಿಯಬೇಕು ಎಂಬುದು ಆತನ ಕೈಗೆ ಗೊತ್ತು. ಬಂಡಿ ಭರ್ತಿಯಾಗಿದ್ದರೆ ಸ್ವಲ್ಪ ಮುಂಚೆ, ಹಗುರವಾಗಿದ್ದರೆ ಸ್ವಲ್ಪ ತಡವಾಗಿ, ಆತ ಸನ್ನೆಕೋಲನ್ನು ಎಳೆಯುತ್ತಾನೆ.